ಕಲಬುರಗಿಯ ಪೈಥಾನ್ ತರಗತಿ ಮತ್ತು ಪದ ಬದಲಿಸುವ ಪಾಠ: ಒಂದು ವಿಮರ್ಶೆ

ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಶನಿವಾರ ಮತ್ತು ಭಾನುವಾರ ಬೆಳಿಗ್ಗೆ ಹೊಸಬರಿಗಾಗಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ತರಗತಿ ನಡೆಯುತ್ತದೆ. ನಾನು ಮುದ್ರಣಾಲಯದಲ್ಲಿ ಅಕ್ಷರ ಜೋಡಣೆ ಮತ್ತು ಕರಡು ತಿದ್ದುವ ಕೆಲಸ ಮಾಡುವವನು. ಪ್ರೋಗ್ರಾಮಿಂಗ್ ಕಲಿತು ಬೆಂಗಳೂರಿಗೋ ಹೈದರಾಬಾದಿಗೋ ಕೆಲಸಕ್ಕೆ ಹೋಗುವ ಯೋಚನೆ ನನಗಿರಲಿಲ್ಲ. ದಿನವೂ ಕೈಗೆ ಬರುವ ಕನ್ನಡ ಬರಹವನ್ನು ಬೇಗ ಮತ್ತು ತಪ್ಪಿಲ್ಲದೆ ತಿದ್ದುವ ದಾರಿಯೊಂದು ಬೇಕಾಗಿತ್ತು, ಅದಕ್ಕಾಗಿ ಸೇರಿದೆ. ಕೇಂದ್ರದ ಕುರಿತು ಒಳ್ಳೆಯದನ್ನೂ ಕೊರತೆಯನ್ನೂ ಹೇಳಬೇಕಾಗಿರುವುದರಿಂದ ಅದರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇಡೀ ತರಗತಿಯಲ್ಲಿ ಕೊಟ್ಟ ಹಣಕ್ಕೆ ನಿಜವಾಗಿ ಬೆಲೆ ತಂದುಕೊಟ್ಟದ್ದು ಸ್ಟ್ರಿಂಗ್‌ನಲ್ಲಿ (ಅಂದರೆ ಅಕ್ಷರಗಳ ಸಾಲಿನಲ್ಲಿ) ಒಂದು ಪದದ ಜಾಗದಲ್ಲಿ ಇನ್ನೊಂದು ಪದವನ್ನು ಇಡುವ ಚಿಕ್ಕ ಅಭ್ಯಾಸ. ಅದು ಹಾಗೆ ಬೆಲೆ ತಂದದ್ದು, ಕಲಿಸಿದ ಮೇಡಂ ಅದನ್ನು ಇಂಗ್ಲಿಷ್ ವಾಕ್ಯಗಳಲ್ಲಿಯೇ ಮುಗಿಸದೆ ಕನ್ನಡಕ್ಕೆ ತಂದದ್ದರಿಂದ. ಆದ್ದರಿಂದ ಈ ವಿಮರ್ಶೆಯ ಹೆಚ್ಚು ಭಾಗ ಆ ಒಂದು ಪಾಠದ ಮೇಲೆಯೇ ಇರುತ್ತದೆ.

ಉಳಿದ ವಿಷಯಗಳನ್ನು ಮೊದಲು ಮುಗಿಸುತ್ತೇನೆ. ಶುಲ್ಕ 3,500 ರೂಪಾಯಿ, ಅದರಲ್ಲಿ ಅಭ್ಯಾಸ ಪುಸ್ತಿಕೆಯೂ ಸೇರಿದೆ. ಆಳಂದ, ಜೇವರ್ಗಿ, ಶಹಾಬಾದ್ ಕಡೆಯಿಂದ ಬಸ್ಸು ರೈಲು ಹಿಡಿದು ಬರುವವರಿಗೆ ಅನುಕೂಲವಾಗಲೆಂದು ತರಗತಿಯನ್ನು ಹತ್ತು ಗಂಟೆಯ ಮೇಲೆ ಆರಂಭಿಸುತ್ತಾರೆ, ಇದು ಮೆಚ್ಚಬೇಕಾದ ಸಂಗತಿ. ವೇರಿಯಬಲ್, ಷರತ್ತು, ಲೂಪ್, ಪಟ್ಟಿ, ಫಂಕ್ಷನ್ ಇವೆಲ್ಲ ಪುಸ್ತಿಕೆಯ ಕ್ರಮದಲ್ಲಿಯೇ ಬರುತ್ತವೆ. ಪಾಠ ಸ್ಪಷ್ಟವಾಗಿರುತ್ತದೆ, ಆದರೆ ಇಂಥ ಪಾಠ ಬೇರೆ ಕಡೆಯೂ ಸಿಗುತ್ತದೆ. ಕೊನೆಯಲ್ಲಿ ಕೊಡುವ ಸರ್ಟಿಫಿಕೇಟ್‌ಗೆ ನೌಕರಿಯ ಮಾರುಕಟ್ಟೆಯಲ್ಲಿ ದೊಡ್ಡ ತೂಕವಿದೆ ಎಂದು ನನಗೆ ಅನಿಸುವುದಿಲ್ಲ, ಕೇಂದ್ರದವರೂ ಹಾಗೆಂದು ಹೇಳಿಕೊಳ್ಳುವುದಿಲ್ಲ.

ಈಗ ಆ ಅಭ್ಯಾಸಕ್ಕೆ ಬರೋಣ. ಪುಸ್ತಿಕೆಯಲ್ಲಿ ಅದು ಅರ್ಧ ಪುಟವೂ ಇಲ್ಲ. ಟೀ ಕುಡಿಯುವುದನ್ನು ಕುರಿತ ಒಂದು ಇಂಗ್ಲಿಷ್ ವಾಕ್ಯ ಕೊಟ್ಟು, ಟೀ ಇರುವಲ್ಲೆಲ್ಲ ಕಾಫಿ ಬರುವಂತೆ ಮಾಡಿರಿ ಎಂದು ಕೇಳಿದ್ದಾರೆ. ಆ ವಾಕ್ಯವನ್ನು ಹಿಡಿದಿಟ್ಟ ವೇರಿಯಬಲ್‌ನ ಹೆಸರಿನ ಮುಂದೆ ಚುಕ್ಕಿ ಇಟ್ಟು ರಿಪ್ಲೇಸ್ ಎಂದು ಬರೆದು, ಆವರಣದೊಳಗೆ ಮೊದಲು ಹಳೆಯ ಪದವನ್ನೂ ಆಮೇಲೆ ಹೊಸ ಪದವನ್ನೂ ಉದ್ಧರಣ ಚಿಹ್ನೆಗಳಲ್ಲಿ ಕೊಟ್ಟರೆ ಕೆಲಸ ಆಗುತ್ತದೆ. ಮೂರನೆಯದಾಗಿ ಒಂದು ಅಂಕಿ ಕೊಟ್ಟರೆ ಮೊದಲಿನಿಂದ ಅಷ್ಟು ಸಲ ಮಾತ್ರ ಬದಲಾಗುತ್ತದೆ. ಇಲ್ಲಿ ಹೊಸಬರೆಲ್ಲರೂ ಎಡವುವ ಜಾಗ ಒಂದಿದೆ. ಪೈಥಾನ್‌ನಲ್ಲಿ ಒಮ್ಮೆ ಹುಟ್ಟಿದ ಸ್ಟ್ರಿಂಗ್ ಬದಲಾಗುವುದೇ ಇಲ್ಲ. ರಿಪ್ಲೇಸ್ ಮಾಡಿದಾಗ ಹಳೆಯದು ಹಾಗೆಯೇ ಇದ್ದು, ತಿದ್ದಿದ ಹೊಸ ಸ್ಟ್ರಿಂಗ್ ಒಂದು ಕೈಗೆ ಬರುತ್ತದೆ, ಅದನ್ನು ಯಾವುದಾದರೂ ಹೆಸರಿನಲ್ಲಿ ಹಿಡಿದಿಟ್ಟುಕೊಳ್ಳದಿದ್ದರೆ ಕಳೆದುಹೋಗುತ್ತದೆ. ಲ್ಯಾಬಿನಲ್ಲಿ ಅರ್ಧ ಮಂದಿಯ ಪರದೆಯ ಮೇಲೆ ಟೀ ಎಂದೇ ಉಳಿದದ್ದಕ್ಕೆ ಇದೇ ಕಾರಣ. ಮೇಡಂ ಇದನ್ನು ಬಾಯಿಮಾತಿನಲ್ಲಿ ಹೇಳಿ ಬಿಡದೆ, ಹಳೆಯ ಮತ್ತು ಹೊಸ ವೇರಿಯಬಲ್ ಎರಡನ್ನೂ ಒಂದರ ಕೆಳಗೊಂದು ಮುದ್ರಿಸಿ ತೋರಿಸುವಂತೆ ಎಲ್ಲರಿಂದಲೂ ಮಾಡಿಸಿದರು.

ಪುಸ್ತಿಕೆಯ ಪಾಠ ಅಲ್ಲಿಗೇ ಮುಗಿಯುತ್ತದೆ. ಮೇಡಂ ಮಾತ್ರ ಬೋರ್ಡಿನ ಮೇಲೆ ಈ ವಾಕ್ಯವನ್ನು ಬರೆದರು: "ಮರಳಿನ ದಿಬ್ಬದ ಮೇಲಿದ್ದ ಮರದ ನೆರಳಲ್ಲಿ ಕುರಿಮರಿ ದಾರಿ ಮರೆತು ನಿಂತಿತ್ತು." ನಮ್ಮ ಭಾಗದಲ್ಲಿ ಮರಕ್ಕೆ ಗಿಡ ಎಂದೇ ಹೇಳುವುದು ರೂಢಿ, ಎಷ್ಟು ದೊಡ್ಡದಿದ್ದರೂ ಬೇವಿನ ಗಿಡ, ಹುಣಸೆ ಗಿಡ. ಆದ್ದರಿಂದ ಮರ ಎಂಬಲ್ಲೆಲ್ಲ ಗಿಡ ಎಂದು ಬದಲಿಸಿರಿ ಎಂದು ಕೆಲಸ ಕೊಟ್ಟರು. ಎಲ್ಲರೂ ಒಂದೇ ಸಾಲು ಬರೆದೆವು. ಪರದೆಯ ಮೇಲೆ ಬಂದದ್ದು ಇದು: "ಗಿಡಳಿನ ದಿಬ್ಬದ ಮೇಲಿದ್ದ ಗಿಡದ ನೆರಳಲ್ಲಿ ಕುರಿಗಿಡಿ ದಾರಿ ಗಿಡೆತು ನಿಂತಿತ್ತು." ಹಿಂದಿನ ಸಾಲಿನಲ್ಲಿದ್ದ ಬಿ.ಎ. ಓದುವ ಹುಡುಗಿಯೊಬ್ಬಳು, "ಮೇಡಂ, ಕುರಿಮರಿ ಹೋಗಿ ಕುರಿಗಿಡಿ ಆಗ್ಯಾದಲ್ರಿ, ಯಾಕ್ ಹಿಂಗ್ ಆತು?" ಎಂದು ಕೇಳಿದಳು. ಆ ದಿನದ ಉಳಿದ ಹೊತ್ತೆಲ್ಲ ಆ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿ ಹೋಯಿತು. ಅಷ್ಟು ಹೊತ್ತು ಕೊಟ್ಟದ್ದು ಸರಿ ಎಂದೇ ನನ್ನ ಅಭಿಪ್ರಾಯ.

ಮರಳು ಗಿಡಳು ಆದದ್ದು ಸುಲಭವಾಗಿ ತಿಳಿಯುತ್ತದೆ. ರಿಪ್ಲೇಸ್‌ಗೆ ಪದ ಎಂದರೇನು ಎಂಬುದು ಗೊತ್ತಿಲ್ಲ, ಕೊಟ್ಟ ಅಕ್ಷರಗಳು ಸಾಲಾಗಿ ಎಲ್ಲಿ ಕಂಡರೂ ಅದು ಬದಲಿಸುತ್ತದೆ. ಇಂಗ್ಲಿಷಿನಲ್ಲಿಯೂ ಇದೇ ತೊಂದರೆ ಇದೆ. ಆದರೆ ಕುರಿಮರಿಯಲ್ಲಿ ಮರ ಎಲ್ಲಿದೆ? ಕನ್ನಡ ಓದುವ ಯಾರಿಗೂ ಅಲ್ಲಿ ಮ ಮತ್ತು ರಿ ಕಾಣುತ್ತವೆಯೇ ಹೊರತು ಮ ಮತ್ತು ರ ಕಾಣುವುದಿಲ್ಲ. ಮೇಡಂ ಆಗ ಲೆನ್ ಎಂಬ ಫಂಕ್ಷನ್‌ನಿಂದ ಉದ್ದ ಎಣಿಸಲು ಹೇಳಿದರು. ಮರಿ ಎಂಬುದರ ಉದ್ದ ಮೂರು ಎಂದು ಬಂತು. ಕಲಬುರಗಿ ನಮ್ಮ ಲೆಕ್ಕಕ್ಕೆ ಐದು ಅಕ್ಷರ, ಪೈಥಾನ್ ಏಳು ಎಂದಿತು. ಲೂಪ್ ಹಾಕಿ ಒಂದೊಂದನ್ನೇ ಬಿಡಿಸಿ ನೋಡಿದಾಗ ಕ, ಲ, ಬ, ಆಮೇಲೆ ಉಕಾರದ ಚಿಹ್ನೆ, ರ, ಗ, ಕೊನೆಗೆ ಇಕಾರದ ಚಿಹ್ನೆ ಬೇರೆ ಬೇರೆಯಾಗಿ ಕಂಡವು. ಲೋಕದ ಲಿಪಿಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ವ್ಯಂಜನಕ್ಕೆ ಒಂದು ಸಂಕೇತ, ಅದರ ಮೇಲೆ ಕೂರುವ ಸ್ವರಚಿಹ್ನೆಗೆ ಇನ್ನೊಂದು ಸಂಕೇತ. ಒತ್ತಕ್ಷರಕ್ಕೆ ಮೊದಲ ವ್ಯಂಜನ, ಹಲಂತ ಚಿಹ್ನೆ, ಎರಡನೆಯ ವ್ಯಂಜನ ಎಂದು ಮೂರು ಬೇಕು. ಹೀಗಾಗಿ ಯಂತ್ರದ ಕಣ್ಣಿಗೆ ಮರಿ ಎಂದರೆ ಮರ ಎಂಬುದರ ಹಿಂದೆ ಒಂದು ಇಕಾರ, ಮರೆತು ಎಂದರೆ ಮರ ಎಂಬುದರ ಹಿಂದೆ ಒಂದು ಎಕಾರ ಮತ್ತು ತು. ಮರ್ಮ ಎಂಬ ಪದ ಇದ್ದಿದ್ದರೆ ಅದೂ ಗಿಡ್ಮ ಆಗುತ್ತಿತ್ತು. ನಾನು ಇಷ್ಟು ವರ್ಷ ಕೀಲಿಮಣೆಯ ಮೇಲೆ ಕನ್ನಡ ಒತ್ತಿದ್ದೇನೆ, ಒಳಗೆ ಬರಹ ಹೀಗೆ ಜೋಡಣೆಯಾಗಿರುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಕಂಡದ್ದು ಆ ದಿನವೇ. 1991ರಲ್ಲಿ ಗೀಡೋ ವಾನ್ ರಾಸಮ್ ಹೊರತಂದ ಈ ಭಾಷೆಯಲ್ಲಿ ಎಲ್ಲ ಸ್ಟ್ರಿಂಗ್‌ಗಳೂ ಯೂನಿಕೋಡ್ ಆದದ್ದು 2008ರಲ್ಲಿ ಬಂದ ಮೂರನೆಯ ಆವೃತ್ತಿಯಿಂದ. ಅದಕ್ಕೆ ಹಿಂದಿನ ಆವೃತ್ತಿಯಲ್ಲಿ ಕನ್ನಡವನ್ನು ಹೀಗೆ ಬಿಡಿಸಿ ತೋರಿಸಲು ಹೊಸಬರಿಗೆ ಇನ್ನಷ್ಟು ಕಷ್ಟವಾಗುತ್ತಿತ್ತು.

ಪೂರ್ತಿ ಪದ ಇದ್ದಾಗ ಮಾತ್ರ ಬದಲಿಸಬೇಕು ಎಂದರೆ ಏನು ಮಾಡಬೇಕು ಎಂಬುದು ಮುಂದಿನ ಪ್ರಶ್ನೆಯಾಯಿತು. ಸ್ಪ್ಲಿಟ್ ಬಳಸಿ ವಾಕ್ಯವನ್ನು ಪದಗಳ ಪಟ್ಟಿಯಾಗಿ ಒಡೆದು, ಒಂದೊಂದನ್ನೂ ಹೋಲಿಸಿ, ಜಾಯಿನ್‌ನಿಂದ ಮತ್ತೆ ಸೇರಿಸುವುದು ಒಂದು ದಾರಿ. ಅದರಲ್ಲಿ ಮರದ ಪಕ್ಕ ಅಲ್ಪವಿರಾಮ ಅಂಟಿಕೊಂಡಿದ್ದರೆ ಹೋಲಿಕೆ ತಪ್ಪುತ್ತದೆ; ಸ್ಪ್ಲಿಟ್‌ಗೆ ಏನನ್ನೂ ಕೊಡದೆ ಬಳಸಿದರೆ ಸಾಲಿನ ತುದಿಗಳೂ ಮಾಯವಾಗಿ, ವಚನದಂಥ ಬರಹವೆಲ್ಲ ಒಂದೇ ಉದ್ದ ಸಾಲಾಗಿಬಿಡುತ್ತದೆ. ಮುದ್ರಣದ ಕೆಲಸಕ್ಕೆ ಇದು ಆಗದು.

ಇನ್ನೊಂದು ದಾರಿ, ಹುಡುಕಬೇಕಾದ ಮಾದರಿಯನ್ನು ಚಿಹ್ನೆಗಳಲ್ಲಿ ಬರೆದು ಕೊಡುವ ರೆಗ್ಯುಲರ್ ಎಕ್ಸ್‌ಪ್ರೆಶನ್. ಪೈಥಾನ್ ಜೊತೆಗೇ ಬರುವ ಮಾಡ್ಯೂಲ್‌ನಲ್ಲಿ (ಸಿದ್ಧ ಫಂಕ್ಷನ್‌ಗಳ ಕಟ್ಟಿನಲ್ಲಿ) ಪದದ ಗಡಿಯನ್ನು ಸೂಚಿಸುವ ಗುರುತು ಇದೆ, ಹುಡುಕುವ ಪದದ ಎರಡೂ ಬದಿಗೆ ಅದನ್ನು ಇಟ್ಟರೆ ಬಿಡಿ ಪದ ಮಾತ್ರ ಸಿಗಬೇಕು. ಇಂಗ್ಲಿಷಿಗೆ ಇದು ಚೆನ್ನಾಗಿ ನಡೆಯುತ್ತದೆ. ನಮ್ಮ ವಾಕ್ಯಕ್ಕೆ ಹಾಕಿದಾಗ ಮರಳು ಉಳಿಯಿತು, ಅದು ಸರಿ. ಆದರೆ ಮರದ ಎಂಬುದು ಬದಲಾಗಲೇ ಇಲ್ಲ, ಏಕೆಂದರೆ ರ ಆದ ಮೇಲೆ ದ ಬರುತ್ತದೆ, ಗಡಿ ಇಲ್ಲ. ಕುರಿಗಿಡಿ ಮತ್ತು ಗಿಡೆತು ಮಾತ್ರ ಹಾಗೆಯೇ ಬಂದವು. ಬದಲಾಗಬೇಕಾದದ್ದು ಬದಲಾಗಲಿಲ್ಲ, ಬದಲಾಗಬಾರದ ಎರಡು ಬದಲಾದವು. ಕಾರಣವೇನೆಂದರೆ ಆ ಮಾಡ್ಯೂಲ್ ಪೂರ್ಣ ಅಕ್ಷರ, ಅಂಕಿ ಮತ್ತು ಅಡಿಗೆರೆಯನ್ನು ಮಾತ್ರ ಪದದ ಭಾಗವೆಂದು ಎಣಿಸುತ್ತದೆ. ಕನ್ನಡದ ಸ್ವರಚಿಹ್ನೆ ಮತ್ತು ಹಲಂತ ಅದರ ಲೆಕ್ಕದಲ್ಲಿ ಅಕ್ಷರವಲ್ಲ, ಆದ್ದರಿಂದ ಪ್ರತಿ ಕೊಂಬು ಗುಡಿಸಿನ ಹತ್ತಿರವೂ ಅದಕ್ಕೆ ಪದ ಮುಗಿದಂತೆ ಕಾಣುತ್ತದೆ. ಚಾಮರ, ಪಾಮರ ಎಂಬ ಪದಗಳನ್ನು ಕೊಟ್ಟರೆ ಚಾಗಿಡ, ಪಾಗಿಡ ಎಂದು ಬರುವುದು ಇದರಿಂದಲೇ. ರೆಜೆಕ್ಸ್ ಎಂಬ ಹೆಸರಿನ ಬೇರೆ ಮಾಡ್ಯೂಲ್ ಒಂದನ್ನು ಹೊರಗಿನಿಂದ ಹಾಕಿಕೊಂಡರೆ ಅದು ಚಿಹ್ನೆಗಳನ್ನೂ ಪದದ ಭಾಗವಾಗಿ ಎಣಿಸುತ್ತದೆ, ಕುರಿಮರಿಗೆ ಕೈ ಹಚ್ಚುವುದಿಲ್ಲ. ಇಷ್ಟನ್ನು ಹೊಸಬರ ತರಗತಿಯಲ್ಲಿ ಹೇಳುವುದು ಹೆಚ್ಚಾಯಿತು ಎಂದು ಕೆಲವರಿಗೆ ಅನಿಸಿತು. ನನಗೆ ಹಾಗೆ ಅನಿಸಲಿಲ್ಲ. ಕನ್ನಡ ಬರಹದ ಮೇಲೆ ಕೆಲಸ ಮಾಡುವವನು ಇದನ್ನು ತಿಳಿಯದೆ ಇಡೀ ಪುಸ್ತಕದ ಮೇಲೆ ಒಂದು ಸಾಲಿನ ಪ್ರೋಗ್ರಾಂ ಓಡಿಸಿದರೆ ಆಗುವ ಹಾನಿ ಅಚ್ಚಾಗಿ ಬಂದ ಮೇಲೆಯೇ ಕಣ್ಣಿಗೆ ಬೀಳುತ್ತದೆ.

ಮರದ, ಮರಕ್ಕೆ, ಮರಗಳು ಇವುಗಳ ಪ್ರಶ್ನೆ ಮಾತ್ರ ಉಳಿಯಿತು, ಅದು ಯಾವ ಮಾಡ್ಯೂಲ್‌ನಿಂದಲೂ ತಾನಾಗಿ ಬಗೆಹರಿಯುವುದಲ್ಲ. ಕನ್ನಡದಲ್ಲಿ ನಾಮಪದ ಬಿಡಿಯಾಗಿ ಬರುವುದಕ್ಕಿಂತ ವಿಭಕ್ತಿ ಹತ್ತಿಸಿಕೊಂಡು ಬರುವುದೇ ಹೆಚ್ಚು. ಮರ ಮತ್ತು ಗಿಡ ಎರಡೂ ಅಕಾರದಲ್ಲಿ ಮುಗಿಯುವ ನಪುಂಸಕಲಿಂಗದ ಪದಗಳಾದ್ದರಿಂದ ಪ್ರತ್ಯಯಗಳು ಒಂದಕ್ಕೊಂದು ಹೊಂದುತ್ತವೆ, ಮರಕ್ಕೆ ಎಂಬುದು ಗಿಡಕ್ಕೆ ಎಂದು ಸರಿಯಾಗಿಯೇ ಆಗುತ್ತದೆ. ಆದ್ದರಿಂದ ರೂಪಗಳನ್ನು ಬರೆದುಕೊಂಡು ಒಂದೊಂದನ್ನೇ ಬದಲಿಸಬಹುದು. ಅಲ್ಲಿಯೂ ಎಚ್ಚರ ಬೇಕು. ಮರವನ್ನು ಎಂದು ಪೂರ್ತಿ ಕೊಡದೆ ಮರವ ಎಂದಷ್ಟೇ ಕೊಟ್ಟರೆ ಮರವೆ ಎಂಬ ಪದವೂ ಗಿಡವೆ ಆಗುತ್ತದೆ.

ಮನೆಗೆ ಕೊಟ್ಟ ಅಭ್ಯಾಸ ಇದಕ್ಕಿಂತಲೂ ಒಳ್ಳೆಯದಾಗಿತ್ತು. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ಊರುಗಳ ಹೆಸರನ್ನು ಅಧಿಕೃತವಾಗಿ ಬದಲಿಸಲಾಯಿತು, ಗುಲಬರ್ಗಾ ಕಲಬುರಗಿಯಾಯಿತು. ಅದಕ್ಕೆ ಹಿಂದೆ ಬರೆದ ಒಂದು ಪುಟ ಬರಹವನ್ನು ತೆಗೆದುಕೊಂಡು ಊರಿನ ಹೆಸರನ್ನು ಹೊಸದಕ್ಕೆ ತಿದ್ದಬೇಕು, ಓದಿದರೆ ಮನುಷ್ಯರೇ ತಿದ್ದಿದಂತೆ ಇರಬೇಕು. ಕೇಳಲು ಒಂದು ಸಾಲಿನ ಕೆಲಸ. ಆ ಒಂದು ಸಾಲನ್ನು ಬರೆದು ಓಡಿಸಿದರೆ ಗುಲಬರ್ಗಾದಲ್ಲಿ ಎಂಬುದು ಕಲಬುರಗಿದಲ್ಲಿ ಎಂದೂ, ಗುಲಬರ್ಗಾಕ್ಕೆ ಎಂಬುದು ಕಲಬುರಗಿಕ್ಕೆ ಎಂದೂ, ಗುಲಬರ್ಗಾವನ್ನು ಎಂಬುದು ಕಲಬುರಗಿವನ್ನು ಎಂದೂ ಬರುತ್ತದೆ. ಇಕಾರದಲ್ಲಿ ಮುಗಿಯುವ ಪದಕ್ಕೆ ದಕಾರ ವಕಾರಗಳ ಜಾಗದಲ್ಲಿ ಯಕಾರ ಬರಬೇಕು ಎಂಬುದು ಶಾಲೆಯಲ್ಲಿ ಕಲಿತ ಆಗಮ ಸಂಧಿ. ಪ್ರೋಗ್ರಾಂಗೆ ಅದು ಗೊತ್ತಿಲ್ಲ, ನಾವೇ ಹೇಳಬೇಕು.

ಎಲ್ಲ ರೂಪಗಳನ್ನೂ ಪಟ್ಟಿ ಮಾಡಲು ಕುಳಿತಾಗ ನನಗೆ ಈ ಅಭ್ಯಾಸದ ಅತ್ಯಂತ ಸೊಗಸಾದ ಭಾಗ ಸಿಕ್ಕಿತು. ಗುಲಬರ್ಗಾದ ಎಂಬುದನ್ನು ಕಲಬುರಗಿಯ ಎಂದು ಬದಲಿಸುವ ಒಂದೇ ಸಾಲು ಬರೆದರೆ, ಗುಲಬರ್ಗಾದಲ್ಲಿ ಎಂಬುದು ಕಲಬುರಗಿಯಲ್ಲಿ ಆಗುತ್ತದೆ, ಗುಲಬರ್ಗಾದವರು ಎಂಬುದು ಕಲಬುರಗಿಯವರು ಆಗುತ್ತದೆ, ಗುಲಬರ್ಗಾದಿಂದ ಎಂಬುದೂ ಕಲಬುರಗಿಯಿಂದ ಆಗುತ್ತದೆ. ಕೊನೆಯದನ್ನು ಗಮನಿಸಬೇಕು. ಅಲ್ಲಿ ಇರುವುದು ದಿ, ದ ಅಲ್ಲ. ಆದರೂ ಯಂತ್ರಕ್ಕೆ ಅದು ದ ಮತ್ತು ಬೇರೆಯಾದ ಇಕಾರ, ಆದ್ದರಿಂದ ದ ಹೋಗಿ ಯ ಬಂದು ಇಕಾರ ಅದರ ಮೇಲೆಯೇ ಕೂರುತ್ತದೆ. ಕುರಿಮರಿಯನ್ನು ಕೆಡಿಸಿದ ಗುಣವೇ ಇಲ್ಲಿ ನೆರವಿಗೆ ಬಂತು. ಅದೇ ರೀತಿ ಗುಲಬರ್ಗಾವ ಎಂಬುದನ್ನು ಕಲಬುರಗಿಯ ಎಂದು ಮಾಡಿದರೆ ಗುಲಬರ್ಗಾವನ್ನು ಮತ್ತು ಗುಲಬರ್ಗಾವೂ ಎರಡೂ ಸರಿಯಾಗುತ್ತವೆ. ಚತುರ್ಥಿಗೆ ಮಾತ್ರ ಬೇರೆ ಸಾಲು ಬೇಕು, ಗುಲಬರ್ಗಾಕ್ಕೆ ಎಂದೂ ಗುಲಬರ್ಗಾಗೆ ಎಂದೂ ಎರಡು ಬಗೆಯಲ್ಲಿ ಜನ ಬರೆಯುತ್ತಾರೆ, ಎರಡಕ್ಕೂ ಕಲಬುರಗಿಗೆ ಎಂದೇ ಉತ್ತರ. ಬಿಡಿಯಾದ ಗುಲಬರ್ಗಾ ಎಂಬುದನ್ನು ಕಟ್ಟಕಡೆಗೆ ಇಡಬೇಕು. ಅದನ್ನು ಮೊದಲೇ ಓಡಿಸಿದರೆ ಉಳಿದ ಸಾಲುಗಳಿಗೆ ಹಿಡಿಯಲು ಏನೂ ಉಳಿಯುವುದಿಲ್ಲ, ಎಲ್ಲ ಕಡೆ ಕಲಬುರಗಿದಲ್ಲಿಯೇ ನಿಲ್ಲುತ್ತದೆ. ಸಾಲುಗಳ ಕ್ರಮ ಬದಲಾದರೆ ಫಲವೂ ಬದಲಾಗುತ್ತದೆ ಎಂಬುದನ್ನು ಲೂಪ್‌ನ ಪಾಠದಲ್ಲಿ ನಾನು ಕೇಳಿದ್ದೆ, ಮನದಟ್ಟಾದದ್ದು ಈ ಐದು ಸಾಲುಗಳಿಂದ.

ಬದಲಿಸಲೇಬಾರದ ಕಡೆಗಳೂ ಇವೆ. ಊರಿನ ಹೆಸರು ಬದಲಾದರೂ 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯ ಅದೇ ಹೆಸರನ್ನು ಉಳಿಸಿಕೊಂಡಿದೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ತೊಗರಿ ಬೇಳೆಯೂ ಗುಲಬರ್ಗಾ ತೊಗರಿ ಬೇಳೆ ಎಂಬ ಹೆಸರಿನಲ್ಲಿಯೇ ನೋಂದಣಿಯಾಗಿದೆ. ಇವುಗಳನ್ನು ಉಳಿಸಲು ಮೇಡಂ ಹೇಳಿಕೊಟ್ಟ ಉಪಾಯ ಸರಳವಾದದ್ದು. ಬರಹದಲ್ಲಿ ಎಲ್ಲಿಯೂ ಬರಲಾರದ ಒಂದು ಗುರುತನ್ನು, ಉದಾಹರಣೆಗೆ ಎರಡು ಹ್ಯಾಶ್ ಚಿಹ್ನೆಗಳ ನಡುವೆ ಒಂದು ಅಂಕಿಯನ್ನು, ಆ ಹೆಸರುಗಳ ಜಾಗದಲ್ಲಿ ಮೊದಲು ಇಟ್ಟು, ಊರಿನ ಹೆಸರಿನ ಕೆಲಸವನ್ನೆಲ್ಲ ಮುಗಿಸಿ, ಕೊನೆಗೆ ಗುರುತನ್ನು ತೆಗೆದು ಹಳೆಯ ಹೆಸರನ್ನು ಮರಳಿ ಕೂರಿಸುವುದು. ಎರಡು ಪದಗಳನ್ನು ಒಂದಕ್ಕೊಂದು ಅದಲುಬದಲು ಮಾಡಬೇಕಾದಾಗಲೂ ಇದೇ ಉಪಾಯ ಬೇಕಾಗುತ್ತದೆ. ತೊಗರಿ ಇದ್ದಲ್ಲಿ ಕಡಲೆ, ಕಡಲೆ ಇದ್ದಲ್ಲಿ ತೊಗರಿ ಎಂದು ಎರಡು ಸಾಲು ಬರೆದರೆ ಮೊದಲ ಸಾಲಿನ ನಂತರ ಎಲ್ಲವೂ ಕಡಲೆಯಾಗಿ, ಎರಡನೆಯದರ ನಂತರ ಎಲ್ಲವೂ ತೊಗರಿಯಾಗಿಬಿಡುತ್ತದೆ.

ಪ್ರದೇಶದ ಹೆಸರನ್ನು ಕುರಿತ ಇನ್ನೊಂದು ಅಭ್ಯಾಸವೂ ಇತ್ತು. ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು. ಹೈದರಾಬಾದ್ ಎಂಬ ಒಂದೇ ಪದವನ್ನು ಹುಡುಕಿ ಕಲ್ಯಾಣ ಎಂದು ಬದಲಿಸಿದರೆ ಹೈದರಾಬಾದ್ ಎಂಬ ನಗರವೂ ಕಲ್ಯಾಣವಾಗುತ್ತದೆ, ಆದ್ದರಿಂದ ಎರಡು ಪದಗಳನ್ನು ಸೇರಿಸಿಯೇ ಹುಡುಕಬೇಕು. ಆದರೆ ಕೆಲವರು ನಡುವೆ ಬಿಡುವು ಇಡುತ್ತಾರೆ, ಕೆಲವರು ಅಡ್ಡಗೆರೆ ಹಾಕುತ್ತಾರೆ, ಕೆಲವರು ಹೈದ್ರಾಬಾದ್ ಎಂದೇ ಬರೆಯುತ್ತಾರೆ. ಸಂವಿಧಾನದ 371(ಜೆ) ವಿಧಿಯ ಮಾತುಗಳನ್ನು ಉದ್ಧರಿಸಿರುವ ಕಡೆ ಹಳೆಯ ಹೆಸರೇ ಇರಬೇಕು. ಎಲ್ಲವನ್ನೂ ಪ್ರೋಗ್ರಾಂ ಒಂದೇ ತೀರ್ಮಾನಿಸಲಾರದು. ಸಿಕ್ಕ ಪ್ರತಿ ಜಾಗವನ್ನೂ ಸುತ್ತಲಿನ ನಾಲ್ಕು ಪದಗಳ ಸಹಿತ ಮೊದಲು ಪಟ್ಟಿ ಮಾಡಿ ತೋರಿಸಿ, ಮನುಷ್ಯರು ಒಪ್ಪಿದ ಮೇಲೆ ಬದಲಿಸುವ ಪ್ರೋಗ್ರಾಂ ಬರೆಯಿರಿ ಎಂದು ಮೇಡಂ ಹೇಳಿದರು. ಕರಡು ತಿದ್ದುವವನಾಗಿ ನಾನು ಈ ಸಲಹೆಯನ್ನು ಮನಸಾರೆ ಒಪ್ಪುತ್ತೇನೆ, ಈಗ ಮುದ್ರಣಾಲಯದಲ್ಲಿ ಹಾಗೆಯೇ ಮಾಡುತ್ತಿದ್ದೇನೆ.

ಇಷ್ಟು ಒಳ್ಳೆಯ ಪಾಠಕ್ಕೆ ಕೇಂದ್ರದ ವ್ಯವಸ್ಥೆ ಸಾಲದು. ಲ್ಯಾಬಿನ ಕಂಪ್ಯೂಟರ್‌ಗಳಲ್ಲಿ ಕನ್ನಡ ಕೀಲಿಮಣೆಯನ್ನು ಸಕ್ರಿಯಗೊಳಿಸಿರಲಿಲ್ಲ. ವಿದ್ಯಾರ್ಥಿಗಳು ಮೊಬೈಲಿನಲ್ಲಿ ವಾಕ್ಯ ಬರೆದು, ತಮಗೇ ಮೇಲ್ ಮಾಡಿಕೊಂಡು, ಕಂಪ್ಯೂಟರ್‌ನಲ್ಲಿ ನಕಲಿಸಿಕೊಳ್ಳಬೇಕಾಯಿತು. ವಿಂಡೋಸ್‌ನಲ್ಲಿ ಭಾಷೆಯ ಸೆಟ್ಟಿಂಗ್‌ಗೆ ಹೋಗಿ ಕನ್ನಡ ಸೇರಿಸುವುದು ಕೆಲವೇ ನಿಮಿಷಗಳ ಕೆಲಸ; ಶುಲ್ಕ ಪಡೆದ ಮೇಲೆ ಇಷ್ಟನ್ನು ಮಾಡದಿರುವುದಕ್ಕೆ ಕಾರಣ ಕಾಣುವುದಿಲ್ಲ. ಕಮಾಂಡ್ ಪ್ರಾಂಪ್ಟ್ ಎಂಬ ಹಳೆಯ ಕಪ್ಪು ಕಿಟಕಿಯಲ್ಲಿ ಪ್ರೋಗ್ರಾಂ ಓಡಿಸಿದವರಿಗೆ ಕನ್ನಡದ ಬದಲು ಚೌಕಗಳು ಕಂಡವು, ಪೈಥಾನ್ ಜೊತೆಗೇ ಬರುವ ಸಂಪಾದಕ ಕಿಟಕಿಯಾದ ಐಡಲ್‌ನಲ್ಲಿ ಓಡಿಸಿದವರಿಗೆ ಸರಿಯಾಗಿ ಕಂಡಿತು. ಇದನ್ನು ಮೊದಲೇ ಹೇಳಿದ್ದರೆ ಸಾಕಿತ್ತು.

ಕಡತದಿಂದ ಬರಹ ಓದಿಸುವಾಗ ಇನ್ನೂ ದೊಡ್ಡ ತೊಡಕು ಎದುರಾಯಿತು. ವಿಂಡೋಸ್‌ನಲ್ಲಿ ಓಪನ್ ಎಂದಷ್ಟೇ ಬರೆದರೆ, ಲ್ಯಾಬಿನಲ್ಲಿರುವ ಆವೃತ್ತಿಯ ಪೈಥಾನ್ ಆ ಯಂತ್ರದ ಹಳೆಯ ಸಂಕೇತ ಪಟ್ಟಿಯ ಪ್ರಕಾರ ಕಡತವನ್ನು ಓದಲು ಹೋಗುತ್ತದೆ, ಕನ್ನಡ ಕಡತವಾದರೆ ದೋಷ ತೋರಿಸಿ ನಿಲ್ಲುತ್ತದೆ ಅಥವಾ ಅರ್ಥವಿಲ್ಲದ ಚಿಹ್ನೆಗಳನ್ನು ತರುತ್ತದೆ. ಎನ್‌ಕೋಡಿಂಗ್ ಎಂಬಲ್ಲಿ ಯುಟಿಎಫ್-8 (ಯೂನಿಕೋಡ್ ಬರಹವನ್ನು ಕಡತದಲ್ಲಿ ಉಳಿಸುವ ಕ್ರಮ) ಎಂದು ಓದುವಾಗಲೂ ಬರೆಯುವಾಗಲೂ ಸ್ಪಷ್ಟವಾಗಿ ಕೊಡಬೇಕು. ಪುಸ್ತಿಕೆಯಲ್ಲಿ ಈ ಮಾತೇ ಇಲ್ಲ, ಏಕೆಂದರೆ ಇಂಗ್ಲಿಷ್ ವಾಕ್ಯಗಳಿಗೆ ಇದು ಬೇಕಾಗುವುದಿಲ್ಲ. ಹಾಗೆಯೇ ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಮಾಡಿದ ಕಡತವನ್ನು ತಂದಿದ್ದ ಇನ್ನೊಬ್ಬ ಡಿಟಿಪಿ ಕೆಲಸಗಾರರಿಗೆ ಒಂದು ಪದವೂ ಸಿಗಲಿಲ್ಲ. ಅಂಥ ಕಡತಗಳು ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ಇರುವುದು ರೋಮನ್ ಲಿಪಿಯ ಸಂಕೇತಗಳು. ಮೊದಲು ಪರಿವರ್ತಕದಿಂದ ಯೂನಿಕೋಡ್‌ಗೆ ತಂದುಕೊಂಡ ಮೇಲೆಯೇ ರಿಪ್ಲೇಸ್‌ಗೆ ಕೆಲಸ. ಕಲಬುರಗಿಯ ಮುದ್ರಣಾಲಯಗಳಲ್ಲಿ ಇಂಥ ಕಡತಗಳು ಇಂದಿಗೂ ರಾಶಿ ರಾಶಿ ಇರುವುದರಿಂದ ಈ ಒಂದು ಮಾತು ಪಾಠದಲ್ಲಿ ಇರಲೇಬೇಕು.

ಉತ್ತರ ಪರೀಕ್ಷಿಸುವ ಪುಟ್ಟ ಪ್ರೋಗ್ರಾಂ ಒಂದನ್ನು ಕೇಂದ್ರದವರು ಕೊಡುತ್ತಾರೆ. ನಮ್ಮ ಉತ್ತರವನ್ನೂ ಅವರ ಉತ್ತರವನ್ನೂ ಅದು ಸಮವೇ ಎಂದು ನೋಡಿ ಸರಿ ಅಥವಾ ತಪ್ಪು ಎನ್ನುತ್ತದೆ. ಕನ್ನಡಕ್ಕೆ ಬಂದಾಗ ಈ ಪರೀಕ್ಷೆ ನ್ಯಾಯವಾಗಿ ನಡೆಯಲಿಲ್ಲ. ಬೀದರ್‌ನಲ್ಲಿ ಎಂದು ಬರೆಯುವಾಗ ರಕಾರ ಮುಂದಿನ ನಕಾರದೊಂದಿಗೆ ಸೇರಿ ಅರ್ಕಾವತ್ತು ಆಗದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಕೀಲಿಮಣೆ ಸೇರಿಸುತ್ತದೆ. ಕೆಲವು ಮೊಬೈಲ್ ಕೀಲಿಮಣೆಗಳು ಬೀದರ್ ಎಂದು ಬಿಡಿಯಾಗಿ ಬರೆದಾಗಲೂ ಪದದ ಕೊನೆಗೆ ಅದನ್ನು ಉಳಿಸುತ್ತವೆ. ನೋಡಲು ಎರಡೂ ಉತ್ತರ ಒಂದೇ, ಪರೀಕ್ಷೆಯ ಪ್ರೋಗ್ರಾಂ ಮಾತ್ರ ತಪ್ಪು ಎನ್ನುತ್ತದೆ. ಕೊ ಎಂಬ ಅಕ್ಷರದ ಒಕಾರವನ್ನು ಒಂದೇ ಸಂಕೇತವಾಗಿಯೂ ಎಕಾರ ಊಕಾರಗಳ ಎರಡು ಸಂಕೇತವಾಗಿಯೂ ಬರೆಯಬಹುದಾದ್ದರಿಂದ ಅಲ್ಲಿಯೂ ಇದೇ ಗೊಂದಲ. ಹೋಲಿಸುವ ಮುನ್ನ ಕಾಣದ ಸಂಕೇತಗಳನ್ನು ತೆಗೆದು, ಯೂನಿಕೋಡ್‌ಡೇಟಾ ಎಂಬ ಮಾಡ್ಯೂಲ್‌ನ ನಾರ್ಮಲೈಸ್ ಫಂಕ್ಷನ್‌ನಿಂದ ಎರಡನ್ನೂ ಒಂದೇ ರೂಪಕ್ಕೆ ತಂದರೆ ಸಮಸ್ಯೆ ತೀರುತ್ತದೆ. ಸರಿಯಾದ ಉತ್ತರ ಬರೆದ ವಿದ್ಯಾರ್ಥಿನಿಯೊಬ್ಬಳು ತನ್ನದೇ ತಪ್ಪೆಂದು ತಿಳಿದು ಇಡೀ ಪ್ರೋಗ್ರಾಂ ಅಳಿಸಿ ಮತ್ತೆ ಬರೆಯುತ್ತಿದ್ದುದನ್ನು ಕಂಡು ನನಗೆ ಬಹಳ ಬೇಸರವಾಯಿತು. ಹೊಸಬರು ಪರೀಕ್ಷೆಯ ಮಾತನ್ನು ನಂಬುತ್ತಾರೆ, ಆದ್ದರಿಂದ ಅದನ್ನು ಸರಿಪಡಿಸುವುದು ಕೇಂದ್ರದ ಮೊದಲ ಕೆಲಸವಾಗಬೇಕು. ಇದನ್ನು ಅವರಿಗೆ ಬರೆದು ಕೊಟ್ಟಿದ್ದೇನೆ.

ಯಾರು ಸೇರಬಹುದು ಎಂದು ಕೇಳುವವರಿಗೆ ನನ್ನ ಉತ್ತರ ಹೀಗಿದೆ. ಮುದ್ರಣಾಲಯದವರು, ಪಂಚಾಯಿತಿ ಕಚೇರಿಗಳಲ್ಲಿ ಕನ್ನಡ ಮಾಹಿತಿ ತುಂಬುವವರು, ಶಾಲೆಯ ಸ್ಮರಣ ಸಂಚಿಕೆಗಳನ್ನು ಸಿದ್ಧಪಡಿಸುವ ಶಿಕ್ಷಕರು, ಹಳೆಯ ಲೇಖನಗಳನ್ನು ಸಂಗ್ರಹಿಸಿ ಪುಸ್ತಕ ಮಾಡುವವರು ಖಂಡಿತ ಸೇರಬಹುದು. ಯಾದಗಿರಿ 2009ರ ಕೊನೆಯವರೆಗೂ ಗುಲಬರ್ಗಾ ಜಿಲ್ಲೆಯಲ್ಲಿಯೇ ಇದ್ದದ್ದರಿಂದ ಆ ಕಡೆಯ ಹಳೆಯ ದಾಖಲೆಗಳ ಮೇಲೆ ಕೆಲಸ ಮಾಡುವವರಿಗೆ ಈ ಪಾಠ ಇನ್ನೂ ಹೆಚ್ಚು ಬೇಕಾಗುತ್ತದೆ. ಅಲ್ಲಿ ಊರಿನ ಹೆಸರು ಮಾತ್ರವಲ್ಲ, ಜಿಲ್ಲೆಯೇ ಬೇರೆಯಾಗಿದೆ. ಇಂಗ್ಲಿಷ್ ಬರಹದ ಮೇಲೆ ಮಾತ್ರ ಕೆಲಸ ಇರುವವರಿಗೆ ಈ ಕೇಂದ್ರದಲ್ಲಿ ವಿಶೇಷವಾದದ್ದು ಕಡಿಮೆ.

ಒಂದು ವಿಷಯವನ್ನು ಮಾತ್ರ ಹಣ ಕಟ್ಟುವ ಮುನ್ನ ಕೇಳಿ ತಿಳಿದುಕೊಳ್ಳಬೇಕು. ಕನ್ನಡದ ಈ ಪಾಠ ಪುಸ್ತಿಕೆಯಲ್ಲಿ ಇಲ್ಲ, ಅದು ಆ ಮೇಡಂ ತಮ್ಮ ಆಸಕ್ತಿಯಿಂದ ಸೇರಿಸಿದ್ದು. ಬೇರೆ ತಂಡಗಳಿಗೆ ಬೇರೆಯವರು ಕಲಿಸುತ್ತಾರೆ, ಅವರ ಬಳಿ ಓದಿದ ಪರಿಚಯದವರೊಬ್ಬರನ್ನು ವಿಚಾರಿಸಿದಾಗ ಟೀ ಕಾಫಿಯ ವಾಕ್ಯಕ್ಕೇ ಪಾಠ ಮುಗಿದದ್ದು ತಿಳಿಯಿತು. ಆದ್ದರಿಂದ ಯಾವ ತಂಡಕ್ಕೆ ಯಾರು ಕಲಿಸುತ್ತಾರೆ, ಸ್ಟ್ರಿಂಗ್ ಪಾಠದಲ್ಲಿ ಕನ್ನಡ ಬರಹ ಇರುತ್ತದೆಯೇ ಎಂದು ಮೊದಲೇ ವಿಚಾರಿಸಿರಿ. ಇರುತ್ತದೆ ಎಂದರೆ ನಿಮ್ಮ ಕೆಲಸದ ಒಂದೆರಡು ಪುಟ ಬರಹವನ್ನು ಯುಟಿಎಫ್-8 ಕಡತವಾಗಿ ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು, ಮೂಲದ ಒಂದು ಪ್ರತಿಯನ್ನು ಮನೆಯಲ್ಲಿ ಬೇರೆಯಾಗಿ ಉಳಿಸಿ, ತರಗತಿಗೆ ಹೋಗಿರಿ.